ಪಾಪಾಸುಕಳ್ಳಿ ಎಲೆ: ಲೋಳೆ ಚೆಲ್ಲಬೇಕಾ, ಉಳಿಸಿಕೊಳ್ಳಬೇಕಾ?

ಪ್ರಶ್ನೆ (ಹಸಿರುಪುಟ):
ಪಾಪಾಸುಕಳ್ಳಿ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದು, ಕ್ಯಾಲ್ಸಿಯಂ ಹೇರಳ ಅಂತಾರೆ. ಅದರಲ್ಲಿ ಕೆಲಸ ಮಾಡೋ ಅಂಶ ಯಾವುದು? ಬೇಯಿಸಿ ಲೋಳೆ ಬಸಿದರೆ ಅದೂ ಹೋಗುತ್ತಾ? ಮಾತ್ರೆ ತಗೊಳ್ಳೋರು ತಿನ್ನಬಹುದಾ?

ಸಸ್ಯರಸಾಯನ:
ನೀವು ಬಸಿಯೋಕೆ ಹೊರಟಿರೋ ಲೋಳೆಯೇ ಇಲ್ಲಿ ಮುಖ್ಯ. ಅರಾಬಿನೋಸ್, ಗ್ಯಾಲಕ್ಟೋಸ್, ಕ್ಸೈಲೋಸ್, ಗ್ಯಾಲಕ್ಟುರೋನಿಕ್ ಆಮ್ಲದಂಥ ಸಕ್ಕರೆ ಘಟಕಗಳು ಸರಪಳಿಯಾಗಿ ಸೇರಿದ ನಾರು ಅದು. ನೀರು ಹೀರಿ ಕರುಳಲ್ಲಿ ಮಂದವಾಗುತ್ತೆ, ಗ್ಲೂಕೋಸ್ ರಕ್ತಕ್ಕೆ ಸೇರೋದು ನಿಧಾನವಾಗುತ್ತೆ. ಅದಕ್ಕೇ ಊಟದ ಜೊತೆಗೇ ತಿನ್ನಬೇಕು. ಬೆಳಗ್ಗೆ ಖಾಲಿ ಹೊಟ್ಟೆಗೆ ರಸ ಕುಡಿದು ಮಧ್ಯಾಹ್ನ ಉಂಡರೆ ಆ ಲಾಭ ಸಿಗಲ್ಲ.

ಕ್ವೆರ್ಸೆಟಿನ್, ಕೆಂಫೆರಾಲ್, ಐಸೋರ‍್ಯಾಮ್ನೆಟಿನ್ ಎಂಬ ಆಂಟಿಆಕ್ಸಿಡೆಂಟ್ ಅಂಶಗಳೂ ಇವೆ. ಆದರೆ ಪ್ರನಾಳದಲ್ಲಿ ಕಂಡ ಆಂಟಿಆಕ್ಸಿಡೆಂಟ್ ಗುಣ ದೇಹದೊಳಗೂ ಅಷ್ಟೇ ಇರುತ್ತೆ ಅನ್ನೋಕಾಗಲ್ಲ. ಕೆಂಪು ಬಣ್ಣ ಕೊಡೋ ಬೀಟಾಲೇನ್ ಹಣ್ಣಿನ ಸೊತ್ತು, ಎಲೆಯಲ್ಲಿ ಹುಡುಕಬೇಡಿ.

ಕ್ಯಾಲ್ಸಿಯಂ 100 ಗ್ರಾಂ ಹಸಿ ಎಲೆಗೆ ಸುಮಾರು 160 ಮಿ.ಗ್ರಾಂ. ಬಹುಪಾಲು ಆಕ್ಸಲೇಟ್ ಹರಳಾಗಿ ಕೂತಿರುತ್ತೆ, ಮೈಗೆ ಹತ್ತೋದು ಕಡಿಮೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದವರು ದೂರವಿರೋದೇ ವಾಸಿ.

ಒಲೆಮುಂದೆ:
ಕೊಯ್ಯೋ ಮೊದಲು ಒಂದು ಗೀರು ಹಾಕಿ. ಬಿಳಿ ಹಾಲು ಬಂದರೆ ಅದು ಬೇರೆ ಕಳ್ಳಿ, ವಿಷ. ಕಣ್ಣಿಗೆ ತಾಗಿದರೂ ಅಪಾಯ. ಇದರಲ್ಲಿ ಬರೋದು ತಿಳಿ ಲೋಳೆ ಮಾತ್ರ.

15–20 ಸೆಂ.ಮೀ. ಉದ್ದದ ಎಳೆಯ ಎಲೆ ಸಾಕು, ಬಲಿತರೆ ನಾರು ಹಲ್ಲಿಗೆ ಸಿಕ್ಕುತ್ತೆ. ದೊಡ್ಡ ಮುಳ್ಳಿಗಿಂತ ಎಲೆಯ ಮೇಲೆ ಮುಳ್ಳು ಮೂಡೋ ಚುಕ್ಕೆಗಳ ಸುತ್ತ ಇರೋ ಕೂದಲಿನಂಥ ಮುಳ್ಳೇ ಕಾಟ: ಕೊಕ್ಕೆ ಇರೋದರಿಂದ ಚರ್ಮಕ್ಕೆ ಹೊಕ್ಕರೆ ಬರಲ್ಲ. ದಪ್ಪ ಕೈಗವಸು ಹಾಕಿ ಉರಿಯಲ್ಲಿ ಸುಟ್ಟು, ಚಾಕುವಿನಿಂದ ಹೆರೆದು, ಅಂಚು ಕತ್ತರಿಸಿ ತೊಳೆಯಿರಿ.

ಹೆಚ್ಚಿ, ನೀರು ಹಾಕದೆ ಬಾಣಲೆಯಲ್ಲಿ ಬೇಯಿಸಿ. ಬಿಟ್ಟ ಲೋಳೆ ಅಲ್ಲೇ ಇಂಗಿ ಹಸಿರು ಮಾಸಿದಾಗ ಇಳಿಸಿ. ನೀರಲ್ಲೇ ಬೇಯಿಸಿದ್ದರೆ ಆ ನೀರನ್ನು ಸೂಪಿಗೆ ಹಾಕಿ. ತುಂಬ ಹುಳಿಯಾಯಿತಾ? ನಸುಕಿನಲ್ಲಿ ಕೊಯ್ದಿರಬೇಕು. ರಾತ್ರಿ ಕೂಡಿಟ್ಟ ಮ್ಯಾಲಿಕ್ ಆಮ್ಲ ಬಿಸಿಲೇರಿದಂತೆ ಕರಗುತ್ತೆ, ಮಧ್ಯಾಹ್ನದ ಮೇಲೆ ಕೊಯ್ಯಿರಿ.

ಔಷಧಶಾಲೆ:
ಮಾತ್ರೆ ಯಾವುದು ಅನ್ನೋದರ ಮೇಲಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯೋದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇದ್ದರೆ ಸಕ್ಕರೆ ತೀರಾ ಇಳಿಯಬಹುದು, ವೈದ್ಯರಿಗೆ ಹೇಳದೆ ಶುರು ಮಾಡಬೇಡಿ. ನಡುಕ, ಬೆವರು ಕಂಡರೆ ತಕ್ಷಣ ಸಕ್ಕರೆ ಪರೀಕ್ಷಿಸಿ. ಮಾತ್ರೆಯನ್ನು ನಿಲ್ಲಿಸೋ ಮಾತೇ ಬೇಡ.

ಮೆಕ್ಸಿಕೋದಲ್ಲಿ ಮಧುಮೇಹಿಗಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ತಿಂಡಿಯ ಜೊತೆ ಕೊಟ್ಟದ್ದು ಹಬೆಯಲ್ಲಿ ಬೇಯಿಸಿದ 300 ಗ್ರಾಂ ಎಲೆ. ಅರ್ಧ ಗ್ರಾಂ ಪುಡಿಯ ಕ್ಯಾಪ್ಸೂಲಿನಿಂದ ಅದೇ ಫಲ ನಿರೀಕ್ಷಿಸೋದು ತಪ್ಪು. ಶುರುವಿಗೆ 50 ಗ್ರಾಂ ಸಾಕು, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ, ಭೇದಿ.