ಪದಚರ್ಚೆ: ಗುರಿ, ಗುರಿಹಾಳೆ, ಗುರಿರಟ್ಟು, ಮತ್ತೆ ಆ ಸ್ಟ್ಯಾಂಡು

ಪದಪ್ರಿಯರಿಗೆ ನಮಸ್ಕಾರ.

ಶೂಟಿಂಗ್ ಸ್ಪರ್ಧೆಗೆ ಅಭ್ಯಾಸ ಮಾಡುವ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬಂದೂಕಿನ ಭಾಗಗಳ ವಿಷಯದಲ್ಲಿ ತಲೆಬಿಸಿ ಇಲ್ಲ. ಟ್ರಿಗರ್, ಬ್ಯಾರಲ್ ಅಂದರೆ ಎಲ್ಲರಿಗೂ ಗೊತ್ತು, ಅದನ್ನು ಮುಟ್ಟಲು ಹೋಗಿಲ್ಲ. ಎದುರಿಗೆ ನಿಲ್ಲಿಸುವ ರಟ್ಟು, ಅದಕ್ಕೆ ಅಂಟಿಸುವ ಹಾಳೆ, ಅದನ್ನು ಹಿಡಿದು ನಿಲ್ಲಿಸುವ ಕಾಲು, ಇವುಗಳ ಹತ್ತಿರ ಬಂದಾಗ ಬರವಣಿಗೆ ನಿಂತುಹೋಗುತ್ತದೆ. ಎಲ್ಲಕ್ಕೂ 'ಗುರಿ' ಅಂತ ಬರೆದುಬಿಟ್ಟರೆ ಆಯ್ತಲ್ವಾ ಎಂದು ಕೇಳಬಹುದು. ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ನೀವು ದಾರಿ ತೋರಿಸಿ.

ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸದ ಹಾಳೆ ನೋಡಿ. ಒಂದೇ ಹಾಳೆಯ ಮೇಲೆ ಸಾಲಾಗಿ ಐದೋ ಹತ್ತೋ ಕಪ್ಪು ವೃತ್ತಗಳು ಅಚ್ಚಾಗಿರುತ್ತವೆ. ಒಂದೊಂದಕ್ಕೂ ಒಂದೊಂದೇ ಏಟು. ಈಗ ಕಲಿಸುವವರು 'ಗುರಿ ಬದಲಿಸು' ಅಂದರು ಅಂತಿಟ್ಟುಕೊಳ್ಳಿ. ಪಕ್ಕದ ವೃತ್ತಕ್ಕೆ ಹೋಗು ಅಂತಲಾ? ಹಾಳೆ ತೆಗೆದು ಹೊಸದು ಹಾಕು ಅಂತಲಾ? ಇಲ್ಲ, ಏಟು ಎಡಕ್ಕೆ ಬೀಳುತ್ತಿದೆ, ಗುರಿಯಿಡುವ ಜಾಗವನ್ನೇ ಸ್ವಲ್ಪ ಸರಿಸು ಅಂತಲಾ? ಮೂರಕ್ಕೂ ಕನ್ನಡದಲ್ಲಿ ಅದೇ ಮಾತು. ಆದರೆ ಹಾಳೆ ಹಾಕಲು ಎದ್ದು ಮುಂದೆ ನಡೆಯಬೇಕಾದ ಕಡೆ ಎಲ್ಲರೂ ಬಂದೂಕು ಖಾಲಿ ಮಾಡಿ ಕೆಳಗಿಟ್ಟಿರಬೇಕು. ಉಳಿದ ಎರಡಕ್ಕೆ ಅದು ಬೇಕಿಲ್ಲ. ಹಾಗಾಗಿ ಇಲ್ಲಿ ಪದ ಬೇರೆಬೇರೆ ಇದ್ದರೇ ಒಳ್ಳೆಯದು.

'ಗುರಿ' ಹಳೆಯ ಪದ. ಹಳಗನ್ನಡದಲ್ಲಿ 'ಗುಱಿ'. ತಮಿಳಿನ 'ಕುಱಿ', ತೆಲುಗಿನ 'ಗುರಿ' ಇದರ ಒಡಹುಟ್ಟುಗಳು. ನಮ್ಮ 'ಗುರುತು' ಕೂಡ ಇದೇ ಮನೆಯದು. ಅಂದರೆ ಕಣ್ಣಿಗೆ ಕಾಣುವಂತೆ ಗುರುತು ಮಾಡಿಟ್ಟ ಜಾಗ ಎಂಬ ಅರ್ಥ ಅದರೊಳಗೆ ಮೊದಲಿಂದಲೂ ಇದೆ. ಆಮೇಲೆ ಅದು ಎಲ್ಲೆಲ್ಲೋ ಹೋಯಿತು. 'ಟೀಕೆಗೆ ಗುರಿಯಾದರು' ಅನ್ನುವಾಗ ಗುರಿ ಏಟು ತಿನ್ನುವ ಕಡೆ ಇದೆ. 'ಮುಂದೆ ಗುರಿ, ಹಿಂದೆ ಗುರು' ಅನ್ನುವಾಗ ಮುಟ್ಟಬೇಕಾದ ಕಡೆ. 'ಅವನ ಗುರಿ ಚೆನ್ನಾಗಿದೆ' ಅಂದರೆ ಹೊಡೆಯುವವನ ಕೈಯಲ್ಲೇ ಇದೆ! ಇಷ್ಟು ದುಡಿಯುವ ಪದಕ್ಕೆ ರಟ್ಟಿನ ಹೊರೆಯನ್ನೂ ಹೊರಿಸುವುದು ಬೇಡ ಅನ್ನಿಸುತ್ತದೆ. ಕೈಪಿಡಿಯಲ್ಲಿ 'ಗುರಿ' ಅಂದರೆ ಏಟು ಬೀಳಬೇಕಾದ ಜಾಗ ಮಾತ್ರ ಅಂತ ಇಟ್ಟುಕೊಂಡಿದ್ದೇನೆ.

'ಲಕ್ಷ್ಯ' ಬಳಸಿ ಅಂತ ಕೆಲವರು ಹೇಳಿದರು. ಸಂಸ್ಕೃತದಲ್ಲಿ ಅದು ಸರಿಯೇ. ಕನ್ನಡದಲ್ಲಿ ಮಾತ್ರ 'ಲಕ್ಷ್ಯ ಕೊಡು' ಅಂದರೆ ಗಮನ ಕೊಡು, 'ಅಲಕ್ಷ್ಯ' ಅಂದರೆ ಅಸಡ್ಡೆ. 'ಲಕ್ಷ್ಯಕ್ಕೆ ತೂತು ಬಿದ್ದಿದೆ' ಅಂತ ಬರೆದರೆ ಯಾರು ಏನಂದುಕೊಳ್ಳುತ್ತಾರೋ. 'ನಿಶಾನೆ' ಇನ್ನೂ ಕಷ್ಟ. ಹಿಂದಿಯಲ್ಲಿ ನಿಶಾನಾ ಗುರಿ ಇರಬಹುದು, ನಮಗೆ ನಿಶಾನೆ ಅಂದರೆ ಬಾವುಟ ಅಥವಾ ಸನ್ನೆ. ಗುಂಡು ಹಾರುತ್ತಿರುವಾಗ ರೇಂಜಿನಲ್ಲಿ ಕೆಂಪು ನಿಶಾನೆ ಏರಿಸಿರುತ್ತಾರೆ. ನಿಶಾನೆಗೆ ಹೊಡೆಯಿರಿ ಅಂತ ಕೈಪಿಡಿಯಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಹಾಗಾದರೆ ಹಾಳೆಗೆ 'ಗುರಿಹಾಳೆ', ರಟ್ಟಿಗೆ 'ಗುರಿರಟ್ಟು'. ಇವೆರಡೂ ಬಾಯಿಗೆ ಸಲೀಸಾಗಿ ಬರುತ್ತವೆ. ಎರಡು ಯಾಕೆ ಬೇಕು ಅಂದರೆ ವಸ್ತುಗಳೇ ಎರಡು. ಹತ್ತು ಮೀಟರಿನ ಗುರಿಹಾಳೆ ಕೈಯಲ್ಲಿ ಹಿಡಿದರೆ ಸ್ವಲ್ಪ ದಪ್ಪ, ಹೊಳಪಿಲ್ಲ. ಏರ್ ರೈಫಲ್ಲಿನದರಲ್ಲಿ ಕಪ್ಪು ಭಾಗ 30.5 ಮಿಲಿಮೀಟರ್ ಅಗಲ. ನಡುವಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ಅದಕ್ಕೆ ಹೊಡೆಯುವ ಪೆಲೆಟ್ಟಿನ, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡಿನ, ಅಳತೆ 4.5 ಮಿಲಿಮೀಟರ್. ಅಂದರೆ ಏಟು ನಟ್ಟನಡುವೆ ಬಿದ್ದಾಗ ಚುಕ್ಕೆಯೇ ಮಾಯ. ಗೆರೆಗೆ ತಾಗಿದರೂ ಮೇಲಿನ ಅಂಕವೇ ಸಿಗುವುದರಿಂದ ತೂತಿನ ಅಂಚು ನೀಟಾಗಿರಬೇಕು. ಅದಕ್ಕೇ ಪೆಲೆಟ್ಟಿನ ಮೂತಿ ಚಪ್ಪಟೆ, ಹಾಳೆಯೂ ಹರಿಯದಂಥದ್ದು. ಮಾಮೂಲಿ ತೆಳು ಕಾಗದದಲ್ಲಿ ಅಚ್ಚು ಹಾಕಿಸಿದರೆ ತೂತು ನಕ್ಷತ್ರದಂತೆ ಸೀಳಿ, ಅದು ಒಂಬತ್ತೋ ಹತ್ತೋ ಅಂತ ಜಗಳ ಶುರುವಾಗುತ್ತದೆ.

(ಪೆಲೆಟ್ಟಿಗೆ 'ಚರೆ' ಅನ್ನಬಹುದಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಚರೆ ಅಂದರೆ ಒಂದು ತೋಟಾದೊಳಗೆ, ಅಂದರೆ ಕಾರ್ಟ್ರಿಜ್ಜಿನೊಳಗೆ, ರಾಶಿಯಾಗಿ ಇರುವ ಕಾಳುಗಳು ಎಂಬ ಚಿತ್ರ ನನ್ನ ತಲೆಯಲ್ಲಿದೆ. ಇಲ್ಲಿ ಏಟಿಗೊಂದೇ. ಪೆಲೆಟ್ ಇರಲಿ ಬಿಡಿ.)

ಗುರಿರಟ್ಟಿನ ಕತೆ ಬೇರೆ. ಓಡುತ್ತಾ, ಬಾಗುತ್ತಾ ಪಿಸ್ತೂಲಿನಿಂದ ಹೊಡೆಯುವ ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟ) ಬಗೆಯ ಸ್ಪರ್ಧೆಗಳಲ್ಲಿ ಹಾಳೆ ಇರುವುದಿಲ್ಲ, ಹೆಚ್ಚಾಗಿ ರಟ್ಟೇ ಗುರಿ. ಪ್ಯಾಕಿಂಗ್ ಡಬ್ಬಿಯ ಹಾಗೆ ಕಂದು ಬಣ್ಣ. ಅದರಲ್ಲಿ ಎ, ಸಿ, ಡಿ ಅಂತ ಮೂರು ಭಾಗ. ಎ ಭಾಗಕ್ಕೆ 5 ಅಂಕ. ಸಿ ಭಾಗಕ್ಕೆ ಗುಂಡಿನ ಬಲ ನೋಡಿ 4 ಅಥವಾ 3, ಡಿ ಭಾಗಕ್ಕೆ 2 ಅಥವಾ 1. ಭಾಗಗಳ ಗೆರೆ ದೂರದಿಂದ ಕಾಣುವಂತಿಲ್ಲ, ತೆಳುವಾಗಿ ಒತ್ತಿರುತ್ತಾರಷ್ಟೆ. ಇವು ದುಂಡಗಿಲ್ಲ, ಆದ್ದರಿಂದ ಪ್ರದೇಶ ಎಂಬ ಈಗಿನ ಅರ್ಥದಲ್ಲಿ 'ವಲಯ' ಅಂತ ಹಾಕಿದ್ದೇನೆ. ಹಾಳೆಯ ಮೇಲಿನ ದುಂಡು ಗೆರೆಗಳಿಗೆ 'ಬಳೆ': ಎಂಟರ ಬಳೆ, ಒಂಬತ್ತರ ಬಳೆ. 'ಸುತ್ತು' ಚೆನ್ನಾಗಿತ್ತು, ಆದರೆ 'ಹತ್ತು ಸುತ್ತು' ಅಂದರೆ ಹತ್ತು ಗುಂಡು ಹಾರಿಸಿದ ಹಾಗೆ ಕೇಳುತ್ತದೆ.

ಈ ಸ್ಪರ್ಧೆಯಲ್ಲೇ ಹೊಡೆಯಬಾರದ ರಟ್ಟೂ ಇರುತ್ತದೆ. ಸಾಮಾನ್ಯವಾಗಿ ಬಿಳಿ. ಹೊಡೆಯಬೇಕಾದ ರಟ್ಟಿನ ಪಕ್ಕದಲ್ಲೋ, ಅದರ ಅರ್ಧ ಮರೆಯಾಗುವಂತೆ ಮುಂದೆಯೋ ನಿಲ್ಲಿಸುತ್ತಾರೆ. ಅದಕ್ಕೆ ತಾಗಿದರೆ ಏಟಿಗೆ 10 ಅಂಕ ಕಳೆಯುತ್ತಾರೆ. ಇದಕ್ಕೆ 'ದಂಡದ ರಟ್ಟು' ಅಂತ ಬರೆದೆ. ಓದಿದ ಗೆಳೆಯರೊಬ್ಬರು "ದಂಡದ್ದಾದರೆ ಯಾಕೆ ನಿಲ್ಲಿಸುತ್ತೀರಿ, ಬಿಸಾಕಿ" ಅಂದರು. ದಂಡ ಅಂದರೆ ಜುಲ್ಮಾನೆ ಅಂತ ನಾನು, ವ್ಯರ್ಥ ಅಂತ ಅವರು. ಎರಡೂ ಕನ್ನಡವೇ. 'ತಪ್ಪುರಟ್ಟು' ಅಂದರೆ ಅಚ್ಚು ತಪ್ಪಿದ್ದು ಅನ್ನಿಸುತ್ತದೆ. 'ಬಿಳಿರಟ್ಟು' ಸುಲಭ, ಆದರೆ ಬಣ್ಣ ಬೇರೆ ಇದ್ದರೆ ಕೈಕೊಡುತ್ತದೆ. ಸದ್ಯಕ್ಕೆ 'ಹೊಡೆಯಬಾರದ ರಟ್ಟು' ಅಂತಲೇ ಉದ್ದಕ್ಕೆ ಬರೆದಿದ್ದೇನೆ. ಉದ್ದವಾದರೂ ಯಾರೂ ತಪ್ಪು ತಿಳಿಯುವುದಿಲ್ಲ.

50 ಮೀಟರ್ ರೈಫಲ್ಲಿನಂಥ ಕಡೆ ಕಾಗದದ ಗುರಿಹಾಳೆಯ ಸ್ವಲ್ಪ ಹಿಂದೆ ಇನ್ನೊಂದು ರಟ್ಟು ಇಡುವುದುಂಟು. ಪಕ್ಕದವನ ಗುಂಡು ನಿಮ್ಮ ಹಾಳೆಗೆ ಬಿತ್ತು ಅಂತ ಅನುಮಾನ ಬಂದರೆ, ಮುಂದಿನ ತೂತನ್ನೂ ಹಿಂದಿನ ತೂತನ್ನೂ ಕೂಡಿಸಿ ನೋಡಿ ಗುಂಡು ಯಾವ ಕಡೆಯಿಂದ ಬಂತು ಅಂತ ಹೇಳುತ್ತಾರೆ. ಇದಕ್ಕೆ 'ಸಾಕ್ಷಿರಟ್ಟು' ಅಂತ ಹೆಸರಿಟ್ಟಿದ್ದೇನೆ. ಇದೊಂದು ಪದ ನನಗೆ ತುಂಬಾ ಇಷ್ಟವಾಗಿದೆ, ದಯವಿಟ್ಟು ಬೇಡ ಅನ್ನಬೇಡಿ.

ಇನ್ನು ಸ್ಟ್ಯಾಂಡು. ಅಭ್ಯಾಸಕ್ಕೆ ಬಳಸುವ ಮಾಮೂಲಿ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ಕೂರುವ ಒಂದು ಬುಡ, ಅದರ ಎರಡು ತೂತಿಗೆ ಸಿಕ್ಕಿಸಿದ ಎರಡು ರೀಪು. ಬಡಗಿಗಳು ಅನ್ನುವ ಅದೇ ರೀಪು, ಮರದ ಸಣ್ಣ ಪಟ್ಟಿ. ರಟ್ಟನ್ನು ರೀಪಿಗೆ ತಂದಿಟ್ಟು ಸ್ಟೇಪ್ಲರಿನಿಂದ ಟಕಟಕ ಹೊಡೆದರೆ ಮುಗಿಯಿತು. ರೀಪು ಮರದ್ದೇ ಆಗಿರಲು ಕಾರಣವಿದೆ. ಗುಂಡು ತಾಗಿದರೆ ಚಕ್ಕೆ ಹಾರಿ ತೂತಾಗುತ್ತದೆ, ಗುಂಡು ಮುಂದೆ ಹೋಗಿ ಮಣ್ಣಿನ ದಿಬ್ಬ ಸೇರುತ್ತದೆ. ಕಬ್ಬಿಣವಾದರೆ ಗುಂಡು ಚಿಮ್ಮಿ ಎತ್ತ ಹೋಗುತ್ತದೋ ಹೇಳಲಾಗದು. ರೀಪು ಮುರಿದರೆ ಬದಲಿಸಬಹುದು, ಬುಡ ಹಾಗೇ ಇರುತ್ತದೆ. ಗಾಳಿ ಜಾಸ್ತಿ ಇದ್ದರೆ ಬುಡದ ಮೇಲೆ ಮರಳಿನ ಚೀಲ.

ಇಡೀ ವಸ್ತುವಿಗೆ ಕನ್ನಡ ಪದ? 'ನಿಲುವು' ಮೊದಲು ಹೊಳೆಯುತ್ತದೆ. ಆದರೆ ಹೊಡೆಯುವವರು ನಿಲ್ಲುವ ಭಂಗಿಗೆ ಆ ಪದವನ್ನು ಆಗಲೇ ಕೊಟ್ಟಾಗಿದೆ. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಪಾಠದ ತುಂಬಾ ಅದೇ ಇದೆ. 'ನಿಮ್ಮ ನಿಲುವು ಅಲುಗಾಡುತ್ತಿದೆ' ಅಂದರೆ ಕಾಲು ನೋಡಿಕೊಳ್ಳಬೇಕೋ ರಟ್ಟು ನೋಡಬೇಕೋ? 'ಪೀಠ' ಅಂದರೆ ಮೇಲೆ ಯಾರೋ ಕೂತಿರಬೇಕು. 'ಆನಿಕೆ' ಒಳ್ಳೆಯ ಪದ, ಆದರೆ ಒರಗಿಸಿಟ್ಟ ಭಾವ ಬರುತ್ತದೆ. ರಟ್ಟು ಒರಗಬಾರದು. ವಾಲಿದ ರಟ್ಟಿನಲ್ಲಿ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. 'ಗುರಿಹಲಗೆ' ಅಂತ ಒಟ್ಟಿಗೆ ಹೇಳಿಬಿಡಬಹುದು ಅಂತ ಒಬ್ಬರ ಸಲಹೆ. ಹಲಗೆ ಅಂದಕೂಡಲೇ ಯಾರಾದರೂ ದಪ್ಪ ಮರ ತಂದು ನಿಲ್ಲಿಸಿದರೆ ಅಂತ ಹಿಂಜರಿಕೆ. ನನ್ನ ಮಟ್ಟಿಗೆ 'ಸ್ಟ್ಯಾಂಡು' ಕನ್ನಡವೇ ಆಗಿದೆ. ಸೈಕಲ್ಲಿಗೂ ಅದೇ, ಪಾತ್ರೆಗೂ ಅದೇ. ಒಳಗಿನ ಭಾಗಗಳಿಗೆ 'ಬುಡ', 'ರೀಪು' ಸಾಕು. ಸುಮ್ನೆ ಹೊಸದೊಂದನ್ನು ಕಟ್ಟಿ ಓದುಗರ ತಲೆಗೆ ಕಟ್ಟುವುದು ನನಗೆ ಒಗ್ಗದು. ಒಪ್ಪದವರು ಹೇಳಿ, ಕಾರಣವೂ ಹೇಳಿ.

ತೂತು ಮುಚ್ಚುವ ಅಂಟುಚೀಟಿಗೆ 'ತೇಪೆ' ಎಂದಿದ್ದೇನೆ. ರಟ್ಟಿನದೇ ಬಣ್ಣ. ಅಂಕ ಬರೆದುಕೊಂಡ ಮೇಲೆಯೇ ತೇಪೆ ಹಚ್ಚಬೇಕು, ಮೊದಲೇ ಹಚ್ಚಿದರೆ ಏಟಿನ ಲೆಕ್ಕ ಹೋಯಿತು. ಹಚ್ಚದೇ ಬಿಟ್ಟರೆ ಮುಂದೆ ಬಂದವರ ತೂತಿನ ಜೊತೆ ಬೆರೆತು ಮತ್ತೆ ಹೊಡೆಸಬೇಕಾದೀತು. 'ತೇಪೆ ಹಚ್ಚುವ ಕೆಲಸ' ಅಂದರೆ ಮಾತಿನಲ್ಲಿ ಬೈಗುಳದ ಹಾಗೆ ಕೇಳುತ್ತದೆ ನಿಜ, ಇಲ್ಲಿ ಮಾತ್ರ ಅದು ನೇರ ಅರ್ಥದ್ದು.

ಕೊನೆಗೆ ನಿಜವಾಗಿ ಸಿಕ್ಕಿಬಿದ್ದಿರುವ ಕಡೆ ಇದು. ಗುಂಡು ರಟ್ಟಿನ ಮೂಲಕ ಹೋದಾಗ ತೂತಿನ ಅಂಚಿಗೆ ಕಪ್ಪಾದ ಸಣ್ಣ ಉಂಗುರ ಉಳಿಯುತ್ತದೆ. ಗುಂಡಿನ ಮೇಲಿನ ಮಸಿ, ಜಿಡ್ಡು ಒರೆಸಿಕೊಂಡದ್ದು. ರಟ್ಟಿನ ಹಿಂದಿನ ಮಗ್ಗುಲಲ್ಲಿ ಪದರ ಉಬ್ಬಿ ಸಿಪ್ಪೆ ಎದ್ದಿರುತ್ತದೆ, ಮುಂದೆ ಈ ಉಂಗುರ. ತೂತು ಗುಂಡಿಗಿಂತ ದೊಡ್ಡದಾಗಿ ಹರಿದಿದ್ದರೆ, ಅದು ನಿಜವಾಗಿ ಗುಂಡಿನದೇ ಎಂದು ತೀರ್ಮಾನಿಸಲು ತೀರ್ಪುಗಾರರು ಈ ಗುರುತನ್ನೇ ಹುಡುಕುತ್ತಾರೆ. ಚಿಮ್ಮಿದ ಕಲ್ಲಿನ ಚೂರಿನ ತೂತಿಗೆ ಅದು ಇರುವುದಿಲ್ಲ. 'ಮಸಿಯಂಚು' ಅಂತ ಬರೆದೆ, ಸೀರೆಯ ಅಂಚು ನೆನಪಾಗುತ್ತದೆ ಅಂದರು. 'ಮಸಿಬಳೆ' ಅಂದರೆ ಅಂಕದ ಬಳೆಯ ಜೊತೆ ಗೊಂದಲ. ಎಣ್ಣೆ ಕರೆ, ಬಾಳೆ ಕರೆ ಅನ್ನುವ 'ಕರೆ' ಇದೆಯಲ್ಲ, ಅದನ್ನು ಹಿಡಿದು 'ಗುಂಡಿನ ಕರೆ' ಅಂದರೆ ನಡೆದೀತಾ? ಅಥವಾ ಕರೆ ಅಂದರೆ ಫೋನ್ ಕರೆ ಅಂತ ಎಲ್ಲರೂ ಓದಿಬಿಡುತ್ತಾರಾ? ಕೋವಿ ಕೆಲಸ ಗೊತ್ತಿರುವವರ ಬಾಯಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸಿ, ಅದನ್ನೇ ಹಾಕುತ್ತೇನೆ.