ಕಲಿಕೆಯ ಶೈಲಿ ನೋಡಿಕೊಂಡು ಮಾತಾಡಿದರೆ ಉಪಯೋಗ ಆಗುತ್ತಾ? ಅನುಭವ ಇದ್ದವರು ಹೇಳಿ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಚಿಕ್ಕ ಟೀಮಿನ ಜವಾಬ್ದಾರಿ ನನ್ನ ಮೇಲೆ ಬಂದಿದೆ. ನಾನು ಹೇಳುವುದೇ ಒಂದು, ಅವರು ಮಾಡಿಕೊಂಡು ಬರುವುದೇ ಇನ್ನೊಂದು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಕೆಲವರಿಗೆ ಕೈಯಾರೆ ಮಾಡಿದರೇ ತಲೆಗೆ ಹತ್ತುವುದು, ಅವರವರ ಶೈಲಿ ಗುರುತಿಸಿ ಮಾತಾಡಿ ಅಂತ ಒಂದು ತರಬೇತಿಯಲ್ಲಿ ಹೇಳಿದರು. ಎಲ್ಲರಿಂದ ಪ್ರಶ್ನಾವಳಿ ತುಂಬಿಸಿಯೂ ಆಯ್ತು. ಈಗ ಒಬ್ಬರಿಗೆ ಚಿತ್ರ, ಒಬ್ಬರಿಗೆ ಫೋನು, ಒಬ್ಬರಿಗೆ ಮೇಲ್ ಅಂತ ಶುರು ಮಾಡಬೇಕಾ? ಯಾರಾದರೂ ಮಾಡಿ ನೋಡಿದ್ದೀರಾ?

ಉತ್ತರ 1 (ಹೊಸಬರಿಗೆ ತರಬೇತಿ ಕೊಡುವವರು)
ನೀವು ತುಂಬಿಸಿದ್ದು ಬಹುಶಃ ವಾರ್ಕ್ (VARK) ಅನ್ನೋ ಕಲಿಕೆಯ ಶೈಲಿಯ ಪ್ರಶ್ನಾವಳಿ ಇರಬೇಕು, ಅಥವಾ ಅದರ ತಮ್ಮನೋ ತಂಗಿಯೋ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅದನ್ನು ಮಾಡಿದವರು. ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ವರ್ಷಗಟ್ಟಲೆ ಪಾಠ ನೋಡಿದವರು. 1992ರ ಹೊತ್ತಿಗೆ ಅದರ ಬಗ್ಗೆ ಬರೆದರು. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು ಅಂತ ನಾಲ್ಕು ಬಗೆ. ಒಂದಕ್ಕಿಂತ ಜಾಸ್ತಿ ಬಗೆ ಇಷ್ಟಪಡುವವರಿಗೂ ಅದರಲ್ಲಿ ಜಾಗ ಇದೆ. ತರಬೇತಿಗಳಲ್ಲಿ ಇದನ್ನು ಹೇಳಲು ಮರೆಯುತ್ತಾರೆ.

ಈಗ ನಿಮಗೆ ಬೇಕಾದ ವಿಷಯ. ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಜೊತೆಗಾರರು 2004ರಲ್ಲಿ ಇಂಥ ಮಾದರಿಗಳನ್ನು ಹುಡುಕಿ ಲೆಕ್ಕ ಹಾಕಿದಾಗ 71 ಸಿಕ್ಕವು! ಒಂದೊಂದೂ ಮನುಷ್ಯರನ್ನು ಬೇರೆ ಬೇರೆ ಥರ ಪಾಲು ಮಾಡುತ್ತದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ನೇರವಾಗಿ ಕೇಳಿದರು: ನೋಡಿ ಕಲಿಯುವವರಿಗೆ ಚಿತ್ರದಿಂದ, ಕೇಳಿ ಕಲಿಯುವವರಿಗೆ ಮಾತಿನಿಂದ ಹೇಳಿದರೆ ನಿಜಕ್ಕೂ ಚೆನ್ನಾಗಿ ಕಲಿಯುತ್ತಾರಾ? ಅದನ್ನು ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬಹಳ ಕಡಿಮೆ ಇದ್ದವು. ಇದ್ದವುಗಳಲ್ಲೂ ಹಲವು ಉಲ್ಟಾ ಹೇಳಿದ್ದವು.

ಹಾಗಂತ ಜನರಿಗೆ ಇಷ್ಟ ಅನ್ನೋದು ಇಲ್ಲ ಅಂತಲ್ಲ. ಇದ್ದೇ ಇದೆ. ಆದರೆ ಇಷ್ಟ ಆಗುವುದು ಬೇರೆ, ತಲೆಗೆ ಹತ್ತುವುದು ಬೇರೆ.

ನಾನು ಹೊಸಬರಿಗೆ ಹೇಳಿಕೊಡುವಾಗ ಎದುರಿಗೆ ಯಾರಿದ್ದಾರೆ ಅಂತ ನೋಡುವ ಮೊದಲು, ಹೇಳಬೇಕಾದ್ದು ಏನು ಅಂತ ನೋಡುತ್ತೇನೆ. ಹಗ್ಗಕ್ಕೆ ಗಂಟು ಹಾಕುವುದನ್ನು ಫೋನಿನಲ್ಲಿ ಹೇಳಿ ನೋಡೋಣ! ಕೇಳಿ ಕಲಿಯುವವರಿಗೂ ಅದು ಆಗುವುದಿಲ್ಲ. ಕೈ ನೋಡಬೇಕು, ಆಮೇಲೆ ತಾವೇ ಹಾಕಬೇಕು. ಹೊಸ ಭಾಷೆಯ ಉಚ್ಚಾರಣೆ ಅಂದರೆ ನೋಡಿ ಕಲಿಯುವವರೂ ಕಿವಿ ಕೊಡಲೇಬೇಕು. ಯಾವ ಕೆಲಸದ ನಂತರ ಯಾವುದು, ಎಲ್ಲಿ ಯಾರ ಒಪ್ಪಿಗೆ ಬೇಕು ಅನ್ನುವುದಕ್ಕೆ ಬಾಣಗಳಿರೋ ಒಂದು ಸರಳ ಚಿತ್ರ ಸಾಕು. ಒಬ್ಬರ ಕೆಲಸ ಸರಿ ಬಂದಿಲ್ಲ ಅಂತ ಹೇಳಬೇಕಾದರೆ ಮಾತ್ರ ಎದುರು ಕೂತೇ ಹೇಳಿ. ಅದಕ್ಕೆ ಚಿತ್ರವೂ ಬೇಡ, ಇ-ಮೇಲ್ ಕೂಡ ಬೇಡ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ. ಸ್ಲೈಡಿನಲ್ಲಿ ಇರುವುದನ್ನೇ ಅಕ್ಷರ ಬಿಡದೆ ಓದಿದರೆ ಓದುವವರಿಗೂ ಕೇಳುವವರಿಗೂ ಇಬ್ಬರಿಗೂ ಅನುಕೂಲ ಅಂತ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದರ ಮೇಲೆ ಬಹಳ ಪ್ರಯೋಗ ಮಾಡಿದ್ದಾರೆ. ಚಿತ್ರ ತೋರಿಸಿ ಅದನ್ನು ಬಾಯಲ್ಲಿ ವಿವರಿಸಿದರೆ ಉಪಯೋಗ. ಅದರ ಮೇಲೆ ಅದೇ ಮಾತುಗಳನ್ನು ಪರದೆಯಲ್ಲೂ ಬರೆದರೆ ಸಾಮಾನ್ಯವಾಗಿ ತೊಂದರೆಯೇ ಜಾಸ್ತಿ.

ಉತ್ತರ 3 (ನರ್ಸ್)
ನಮ್ಮ ಕೆಲಸದಲ್ಲಿ ಯಾರಿಗೂ ಪ್ರಶ್ನಾವಳಿ ಕೊಡುವಷ್ಟು ಪುರುಸೊತ್ತು ಇರುವುದಿಲ್ಲ. ಮಾತ್ರೆ ಹೇಗೆ ತಗೋಬೇಕು ಅಂತ ಹೇಳಿ ಮುಗಿಸಿ "ಅರ್ಥ ಆಯ್ತಾ?" ಅಂದರೆ ನೂರಕ್ಕೆ ನೂರು ಜನ ತಲೆ ಆಡಿಸುತ್ತಾರೆ. ಆಗಿಲ್ಲ ಅನ್ನಲು ಯಾರಿಗಾದರೂ ಸಂಕೋಚ ಅಲ್ವಾ? ಅದಕ್ಕೇ ನಮಗೆ ಬೇರೆ ಥರ ಕೇಳಲು ಕಲಿಸುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋದ ಮೇಲೆ ಇದನ್ನು ಯಾವಾಗ, ಹೇಗೆ ತಗೊಳ್ತೀರಿ, ನನಗೊಮ್ಮೆ ಹೇಳಿ" ಅಂತ. ತಪ್ಪಿದ್ದರೆ ನನ್ನದು ಅನ್ನೋ ಧಾಟಿ ಇರಬೇಕು. ಇಲ್ಲದಿದ್ದರೆ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಜನ ಮುದುಡಿಕೊಳ್ಳುತ್ತಾರೆ.

ಇನ್ಹೇಲರ್ ಕೊಡುವಾಗ ಹೇಳುವುದೂ ಸಾಲದು. ನಾನು ಮಾಡಿ ತೋರಿಸುತ್ತೇನೆ, ಅವರು ನನ್ನೆದುರೇ ಮಾಡಬೇಕು. ಉಸಿರು ಹಿಡಿಯುವ ಹೊತ್ತಿಗೇ ಎಲ್ಲಿ ಎಡವುತ್ತಾರೆ ಅಂತ ಗೊತ್ತಾಗುತ್ತದೆ. ಜೊತೆಗೆ, ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯುವುದಿಲ್ಲ. ಎರಡು ಮೂರು ವಿಷಯ ಹೇಳುವುದು, ಅವರ ಬಾಯಿಂದ ಕೇಳುವುದು, ಆಮೇಲೆ ಮುಂದಕ್ಕೆ.

ನಿಮ್ಮ ಟೀಮಿಗೂ ಇದನ್ನೇ ಮಾಡಿ. "ಹಾಗಾದರೆ ಮೊದಲು ಯಾವ ಕೆಲಸ ಹಿಡಿತೀರಾ?" ಅಂತ ಸುಮ್ನೆ ಕೇಳಿ. ನೀವು ಹೇಳಿದ್ದಕ್ಕೂ ಅವರು ಹಿಡಿದುಕೊಂಡಿದ್ದಕ್ಕೂ ಎಷ್ಟು ದೂರ ಅಂತ ಅಲ್ಲೇ ಗೊತ್ತಾಗುತ್ತದೆ.

ಉತ್ತರ 4
ಇಲ್ಲಿ ಒಂದು ತಕರಾರು ಇದೆ. ನನಗೆ ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮೀಟಿಂಗಿನಲ್ಲಿ ಆಡಿದ ಮಾತು ಬರಹದಲ್ಲಿ ಬೇಕು ಅಂದರೆ "ಓ, ನೀವು ಓದಿ ಕಲಿಯುವವರಾ" ಅನ್ನುತ್ತಾರೆ. ಇದು ಶೈಲಿ ಅಲ್ಲ ಮಾರಾಯ್ರೇ, ಅಗತ್ಯ. ಡಿಸ್ಲೆಕ್ಸಿಯಾ (ಅಕ್ಷರ ಓದಲು ಕಷ್ಟ ಆಗುವ ತೊಂದರೆ) ಇರುವವರಿಗೆ ಉದ್ದುದ್ದ ಮೇಲ್ ಕಷ್ಟ ಆಗುವುದೂ ಹಾಗೇ. ಪ್ರಶ್ನಾವಳಿಯಲ್ಲಿ ಏನೇ ಬಂದಿರಲಿ, ಅಂಥವರು ಕೇಳಿದ್ದನ್ನು ಕೊಡಿ. ಎಲ್ಲರೆದುರು ಕಾರಣ ಕೇಳಬೇಡಿ.

ಉತ್ತರ 5
ಗಂಡ ಹೆಂಡತಿ ವಿಷಯದಲ್ಲಿ ಹೇಳುವುದಾದರೆ, ನಮ್ಮ ಯಜಮಾನರಿಗೆ ದಾರಿ ಬಾಯಲ್ಲಿ ಹೇಳಿದರೆ ಕೋಪ ಬರುತ್ತದೆ, ನಕ್ಷೆ ಬೇಕು. ನನಗೆ ನಕ್ಷೆ ನೋಡಿದರೆ ತಲೆ ತಿರುಗುತ್ತದೆ, ಎಡಕ್ಕೆ ಬಲಕ್ಕೆ ಅಂತ ಹೇಳಿದರೆ ಸಾಕು. ವಿಜ್ಞಾನ ಏನೇ ಅನ್ನಲಿ, ಅವರಿಗೆ ನಕ್ಷೆ ಕಳಿಸಲು ಶುರು ಮಾಡಿದ ಮೇಲೆ ಜಗಳ ಕಡಿಮೆ ಆಗಿದೆ. ಅಷ್ಟಕ್ಕಾದರೂ ಇದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಆದರೂ ಒಂದು ಅರ್ಥ ಆಗುತ್ತಿಲ್ಲ. ನಾನು ಬಿಡಿಸಿ ಬಿಡಿಸಿಯೇ ಹೇಳುತ್ತೇನೆ. ಆದರೂ ಯಾಕೆ ತಲುಪುವುದಿಲ್ಲ? ತುಂಬಿಸಿದ ಪ್ರಶ್ನಾವಳಿ ಏನು ಮಾಡಲಿ?

ಉತ್ತರ 1 (ಮತ್ತೆ)
"ಬಿಡಿಸಿ ಹೇಳುತ್ತೇನೆ" ಅಂತ ಹೇಳುವವರಿಗೆಲ್ಲ ಅನ್ನಿಸುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಎದುರಿನವರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ತಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಬರೀ 3. ತಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಎದುರಿನವರಿಗೆ ಕೇಳುವುದು ಬರೀ ಟಕ್ ಟಕ್. ನಿಮ್ಮ ತಲೆಯಲ್ಲೂ ಕೆಲಸದ ಹಿನ್ನೆಲೆ, ಗ್ರಾಹಕರ ಸಿಟ್ಟು, ಹಿಂದಿನ ಮೀಟಿಂಗು ಎಲ್ಲ ಇರುತ್ತದೆ. ಅವರಿಗೆ ತಲುಪುವುದು ನಿಮ್ಮ ನಾಲ್ಕು ಸಾಲು.

ಹಾಗಾಗಿ ಯಾರಿಗೆ ಚಿತ್ರ ಇಷ್ಟ ಅನ್ನುವುದಕ್ಕಿಂತ ಯಾರಿಗೆ ಈಗಾಗಲೇ ಎಷ್ಟು ಗೊತ್ತು ಅನ್ನುವುದು ಮುಖ್ಯ. ಹೊಸಬರಿಗೆ ಹಂತ ಹಂತವಾಗಿ, ಮಾಡಿ ಮುಗಿಸಿದ ಒಂದು ಉದಾಹರಣೆ ಜೊತೆ ಹೇಳಿ. ಹಳಬರಿಗೆ ಅದೇ ವಿವರ ಕೊಟ್ಟರೆ ಬೇಜಾರಾಗುತ್ತದೆ. ಅವರಿಗೆ ಏನು ಆಗಬೇಕು, ಯಾವತ್ತಿಗೆ ಅಂತ ಹೇಳಿ ಬಿಟ್ಟುಬಿಡಿ.

ಪ್ರಶ್ನಾವಳಿಯನ್ನು ಡ್ರಾಯರಿನಲ್ಲಿಡಿ. ಅದರ ಮೇಲೆ "ಇವರು ಕೇಳುವವರು" ಅಂತ ಹಣೆಪಟ್ಟಿ ಮಾತ್ರ ಹಚ್ಚಬೇಡಿ, ಆಮೇಲೆ ಅವರೇ ಅದನ್ನು ನಂಬಿ ಓದುವುದನ್ನು ಬಿಟ್ಟುಬಿಡುತ್ತಾರೆ. ಅದರ ಬದಲು ಒಬ್ಬೊಬ್ಬರ ಹತ್ತಿರ ಐದು ನಿಮಿಷ ಕೂತು ಕೇಳಿ: ಅರ್ಜೆಂಟ್ ಇದ್ದಾಗ ಫೋನ್ ಮಾಡಲಾ, ಮೆಸೇಜ್ ಹಾಕಲಾ? ಹೊಸ ಕೆಲಸ ಬಂದಾಗ ಮೊದಲು ಓದಿಕೊಂಡು ಆಮೇಲೆ ಮಾತಾಡುತ್ತೀರಾ, ಮಾತಾಡಿ ಆಮೇಲೆ ಓದುತ್ತೀರಾ? ಹೋದ ಸಲ ನಾನು ಹೇಳಿದ್ದರಲ್ಲಿ ಎಲ್ಲಿ ತಡವರಿಸಿದಿರಿ? ಮೂರನೆಯದಕ್ಕೆ ಉತ್ತರ ತಕ್ಷಣ ಬರುವುದಿಲ್ಲ. ಕಾಯಿರಿ.