ವೆಲ್ ಟೈಪ್ ಮ್ಯಾನೋಮೀಟರ್: ಟ್ಯೂಬ್ ಬದಲಾಯಿಸಿದ ಮೇಲೆ ರೀಡಿಂಗ್ ಕಮ್ಮಿ ಬರ್ತಿದೆ

ಪ್ರಶ್ನೆ: ಸರ್ ಲ್ಯಾಬಲ್ಲಿ ನೀರಿನ ವೆಲ್ ಟೈಪ್ ಮ್ಯಾನೋಮೀಟರ್ (ಅಗಲ ರಿಸರ್ವಾಯರಿಗೆ ಸಣ್ಣ ಟ್ಯೂಬ್ ಸೇರಿಸಿ, ಟ್ಯೂಬಲ್ಲಿ ನೀರು ಏರೋ ಎತ್ತರದಿಂದ ಪ್ರೆಶರ್ ಓದೋದು) ಇದೆ, ರಿಸರ್ವಾಯರ್ ಒಳಗಿನ ಡಯಾ 50 ಎಂಎಂ. ಮೊದ್ಲು 5 ಎಂಎಂ ಗಾಜಿನ ಟ್ಯೂಬ್ ಇತ್ತು, ಒಡೀತು ಅಂತ 8 ಎಂಎಂದು ಹಾಕಿದಾರೆ. ಆಮೇಲಿಂದ ಡಿಜಿಟಲ್ ಗೇಜು 200 ಎಂಎಂ ನೀರು ಅಂದ್ರೆ ಇದು 197 ಅನ್ನತ್ತೆ, 100ಕ್ಕೆ 98.5. ಝೀರೋ ಕರೆಕ್ಟಾಗಿದೆ, ಲೀಕೂ ಇಲ್ಲ. ಏನಿರಬಹುದು?

ಉತ್ತರ (ಕ್ಯಾಲಿಬ್ರೇಶನ್ ಇಂಜಿನಿಯರ್): ಝೀರೋ ಸರಿಯಿದ್ದು ಪ್ರೆಶರ್ ಏರಿದ ಲೆಕ್ಕದಲ್ಲೇ ತಪ್ಪೂ ಏರ್ತಿದೆ ಅಂದ್ರೆ ಮೊದ್ಲು ಅನುಮಾನ ಪಡಬೇಕಾದ್ದು ಸ್ಕೇಲ್ ಮೇಲೆ. ಟ್ಯೂಬಲ್ಲಿ ಏರೋ ನೀರು ರಿಸರ್ವಾಯರಿಂದ್ಲೇ ಬರಬೇಕಲ್ವಾ, ಅಲ್ಲಿ ಮಟ್ಟ ಸ್ವಲ್ಪ ಇಳಿಯತ್ತೆ, ನಾವು ಏರಿದ್ದನ್ನ ಮಾತ್ರ ಓದ್ತೀವಿ ಇಳಿದಿದ್ದನ್ನ ಯಾರೂ ನೋಡಲ್ಲ. ನಿಜವಾದ ಎತ್ತರ = ಏರಿದ್ದು × (1 + ಟ್ಯೂಬ್ ಏರಿಯಾ ÷ ರಿಸರ್ವಾಯರ್ ಏರಿಯಾ). 5ಕ್ಕೆ 50 ಇದ್ದಾಗ ಇಳಿತ 1%, ಅದನ್ನ ತಯಾರಿಸೋವ್ರೇ ಗೆರೆಗಳನ್ನ ಸ್ವಲ್ಪ ಒತ್ತೊತ್ತಾಗಿ ಹಾಕಿ ಸರಿ ಮಾಡಿರ್ತಾರೆ. ಬೇಕಾದ್ರೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ, 100 ಅಂತ ಇರೋ ಗೆರೆ 99 ಎಂಎಂ ಹತ್ರ ಇರತ್ತೆ. 8 ಎಂಎಂ ಹಾಕಿದ್ರೆ ಇಳಿತ 2.56% ಆಯ್ತು, ಸ್ಕೇಲಿಗೆ ಅದು ಗೊತ್ತಿಲ್ಲ. ಮಿಕ್ಕಿದ ಒಂದೂವರೆ ಪರ್ಸೆಂಟೇ ನಿಮ್ಮ 3 ಎಂಎಂ. ಹಳೇ ಸೈಜ್ ಟ್ಯೂಬ್ ಸಿಗೋ ತನಕ ರೀಡಿಂಗನ್ನ 1.0154ರಿಂದ ಗುಣಿಸ್ಕೊಳ್ಳಿ.

ಪ್ರಶ್ನೆ: ಟ್ಯೂಬ್ ಹಂಗೇ ಇರ್ಲಿ, 100 ಎಂಎಂ ರಿಸರ್ವಾಯರ್ ಹಾಕಿದ್ರೆ ಆಗತ್ತಾ?

ಉತ್ತರ: ಆಗ ಇಳಿತ 0.64%, ಸ್ಕೇಲು 1% ಸೇರಿಸಿ ತೋರಿಸ್ತಿದೆ, ಹಂಗಾಗಿ ಈಗ ಸ್ವಲ್ಪ ಜಾಸ್ತಿ ತೋರ್ಸಕ್ಕೆ ಶುರು ಮಾಡತ್ತೆ. ದೊಡ್ಡದಾದಷ್ಟೂ ಒಳ್ಳೇದು ಅನ್ನೋದು ಸಾದಾ ಮಿಲಿಮೀಟರ್ ಸ್ಕೇಲಿಗೆ ಮಾತ್ರ. ಇನ್ನೊಂದು, ಮಟ್ಟ ಓಡಾಡೋ ಜಾಗದಲ್ಲಿ ಗೋಡೆ ನೇರ ಇರಬೇಕು, ಕೆಳಗೆ ಕಿರಿದಾಗೋ ಡಬ್ಬ ಆದ್ರೆ ಏರಿಯಾನೇ ಬದಲಾಗ್ತಾ ಹೋಗತ್ತೆ, ಯಾವ ಒಂದು ಗುಣಕನೂ ಕೆಲಸ ಮಾಡಲ್ಲ. ಟ್ಯೂಬ್ ರಿಸರ್ವಾಯರೊಳಗೆ ಇಳಿಬಿದ್ದಿದ್ರೆ ಅದರ ಹೊರಗಿನ ಡಯಾ ಏರಿಯಾನೂ ರಿಸರ್ವಾಯರ್ ಏರಿಯಾದಿಂದ ಕಳೀಬೇಕು, ಇದನ್ನ ಸುಮಾರು ಜನ ಮರೀತಾರೆ.

ಇನ್ನೊಬ್ಬರು: ಓರೆ ಟ್ಯೂಬಿನ ಮ್ಯಾನೋಮೀಟರಿಗೂ ಇದೇ ಲೆಕ್ಕನಾ ಸರ್? 10ಕ್ಕೆ 1 ಇಳಿಜಾರು.

ಉತ್ತರ: ಅಲ್ಲಿ ಇನ್ನೂ ಹುಷಾರಾಗಿರಿ. ಎತ್ತರ = ಓರೆ ಟ್ಯೂಬಲ್ಲಿ ನೀರು ಸರಿದ ಉದ್ದ × (ಇಳಿಜಾರು ಕೋನದ ಸೈನ್ + ಏರಿಯಾ ಅನುಪಾತ). ಸೈನ್ ಬರೀ 0.1, ಅದಕ್ಕೆ 0.01 ಕೂಡಿದ್ರೆ ನೆಟ್ಟಗಿದ್ದಾಗ 1% ಇದ್ದಿದ್ದು ಇಲ್ಲಿ 10% ಆಗತ್ತೆ. 0.0256 ಆದ್ರೆ ಕಾಲು ಭಾಗನೇ ವ್ಯತ್ಯಾಸ. ಅದ್ರಲ್ಲಿ ಟ್ಯೂಬ್ ಬದಲಾಯಿಸಿದ್ರೆ ಸ್ಕೇಲೂ ಬದಲಾಯಿಸ್ಲೇಬೇಕು. ಈ ರಗಳೆ ಬೇಡ ಅಂದ್ರೆ ಯು-ಟ್ಯೂಬ್ ಇಟ್ಕೊಂಡು ಎರಡೂ ಕಡೆ ಓದಿ ವ್ಯತ್ಯಾಸ ತಗೊಳ್ಳಿ, ಅದರಲ್ಲಿ ಡಯಾ ಲೆಕ್ಕಕ್ಕೇ ಬರಲ್ಲ.